ಯಾರ ಪ್ರೀತಿ, ಯಾರ ಅಧಿಕಾರ?

2022ರ ಅಕ್ಟೋಬರ್ 25ರಂದು ತಿರುವನಂತಪುರದ ರಾಜಭವನದಿಂದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಅವರಿಗೆ ಪತ್ರವೊಂದು ಹೋಯಿತು. ಹಣಕಾಸು ಸಚಿವ ಕೆ.ಎನ್. ಬಾಲಗೋಪಾಲ್ ಮೇಲೆ ತಮಗಿದ್ದ ‘ಪ್ಲೆಷರ್’ ಇನ್ನಿಲ್ಲ ಎಂದು ರಾಜ್ಯಪಾಲ ಆರಿಫ್ ಮೊಹಮ್ಮದ್ ಖಾನ್ ಬರೆದಿದ್ದರು. ಉತ್ತರ ಪ್ರದೇಶದ ರೀತಿಗೆ ಒಗ್ಗಿದವರಿಗೆ ಕೇರಳದ ವಿಶ್ವವಿದ್ಯಾಲಯಗಳು ಅರ್ಥವಾಗುವುದು ಕಷ್ಟ ಎಂಬ ಧಾಟಿಯಲ್ಲಿ ಬಾಲಗೋಪಾಲ್ ಮಾಡಿದ್ದ ಭಾಷಣ ಅದಕ್ಕೆ ಕಾರಣ. ಮಲಯಾಳಂ ಪತ್ರಿಕೆಗಳು ಆ ಪದವನ್ನು ‘ಪ್ರೀತಿ’ ಎಂದು ಬರೆದವು.

ಆ ಪದ ಸಂವಿಧಾನದಲ್ಲೇ ಇದೆ, ಹಾಗಾಗಿ ರಾಜ್ಯಪಾಲರು ಮಾಡಿದ್ದು ಸರಿ ಎಂದರು ಕೆಲವರು. ದೊರೆಗಳ ಕಾಲದ ಪದ, ಕಿತ್ತೆಸೆಯಿರಿ ಎಂದರು ಅವರನ್ನು ವಿರೋಧಿಸಿದವರು. ಎರಡನೆಯದೇ ಹೆಚ್ಚು ಜನಪ್ರಿಯ. ಎರಡನ್ನೂ ನಾನು ಒಪ್ಪಲಾರೆ. ಇಬ್ಬರೂ ಅದನ್ನು ಒಬ್ಬ ವ್ಯಕ್ತಿಯ ಮನಸ್ಸಿನ ಭಾವನೆ ಎಂದೇ ಓದುತ್ತಿದ್ದಾರೆ.

ಸಚಿವರು ರಾಜ್ಯಪಾಲರ ‘ಪ್ಲೆಷರ್’ ಇರುವವರೆಗೆ ಅಧಿಕಾರದಲ್ಲಿರುತ್ತಾರೆ ಎನ್ನುವ 164ನೇ ವಿಧಿಯ ಮೊದಲ ಖಂಡದಲ್ಲಿ ಈ ಪದವಿದೆ. ಸಚಿವ ಸಂಪುಟ ಒಟ್ಟಾಗಿ ವಿಧಾನಸಭೆಗೆ ಹೊಣೆ ಎಂದು ಎರಡನೇ ಖಂಡ ಹೇಳುತ್ತದೆ. ‘ಪ್ಲೆಷರ್’ ಇರುವವರೆಗೆ ಎಂದರೆ ಬಹುಮತದ ವಿಶ್ವಾಸ ಇರುವವರೆಗೆ ಎಂದೇ ಅರ್ಥ ಎಂದು ಅಂಬೇಡ್ಕರ್ ಸಂವಿಧಾನ ರಚನಾ ಸಭೆಯಲ್ಲಿ ವಿವರಿಸಿದ್ದರು. ಆ ವಿಶ್ವಾಸವನ್ನು ಅಳೆಯಬೇಕಾದದ್ದು ಸದನದಲ್ಲಿ ಎಂಬುದನ್ನು ನಮ್ಮ ಎಸ್.ಆರ್. ಬೊಮ್ಮಾಯಿ ಪ್ರಕರಣ 1994ರಲ್ಲಿ ಇತ್ಯರ್ಥ ಮಾಡಿತು. ರಾಜೀನಾಮೆ ಕೊಡಲೊಪ್ಪದ ಸಚಿವನನ್ನು ಮುಖ್ಯಮಂತ್ರಿ ರಾಜ್ಯಪಾಲರಿಗೆ ಸಲಹೆ ಕೊಟ್ಟು ಕೈಬಿಡುವುದು ಇದೇ ಪದದ ಬಲದಿಂದ. ಅದನ್ನು ಕಿತ್ತರೆ ನಷ್ಟ ಚುನಾಯಿತ ಸರ್ಕಾರಕ್ಕೇ. ಬಾಲಗೋಪಾಲ್ ವಿಷಯದಲ್ಲಿ ಪಿಣರಾಯಿ ಅಂಥ ಸಲಹೆ ಕೊಡಲಿಲ್ಲ. ಬಾಲಗೋಪಾಲ್ 2023ರ ಫೆಬ್ರವರಿ 3ರಂದು ಬಜೆಟ್ ಮಂಡಿಸಿದರು.

ನಿಜವಾದ ತೊಡಕು ಇರುವುದು ಕೇರಳ ವಿಶ್ವವಿದ್ಯಾಲಯದ ಪ್ರಕರಣದಲ್ಲಿ. ಅಲ್ಲಿ ರಾಜ್ಯಪಾಲರು ಕುಲಾಧಿಪತಿ. ಸಂಪುಟದ ಸಲಹೆಯ ಕಟ್ಟು ಇಲ್ಲ. ಕುಲಪತಿ ಆಯ್ಕೆ ಸಮಿತಿಗೆ ಪ್ರತಿನಿಧಿಯನ್ನು ಆರಿಸಲು ಕರೆದಿದ್ದ ಸೆನೆಟ್ ಸಭೆಗೆ ಗೈರಾದರೆಂದು, ತಾವೇ ನಾಮಕರಣ ಮಾಡಿದ್ದ 15 ಸದಸ್ಯರನ್ನು ಅವರು ‘ಪ್ಲೆಷರ್’ ಹಿಂತೆಗೆದು ಅದೇ ಅಕ್ಟೋಬರ್‌ನಲ್ಲಿ ತೆಗೆದುಹಾಕಿದರು. ನಾಮಕರಣ ಮಾಡಿದವರಿಗೆ ತೆಗೆಯುವ ಹಕ್ಕೂ ಇದೆ ಎಂಬ ವಾದ ಮೇಲ್ನೋಟಕ್ಕೆ ಸರಿಯೆನಿಸುತ್ತದೆ. ಆದರೆ ಸೆನೆಟ್‌ಗೆ ಬಂದವನು ಕುಲಾಧಿಪತಿಯ ಆಳಲ್ಲ. ಹೇಳಿದ ಹಾಗೆ ನಡೆಯದಿದ್ದರೆ ಕುರ್ಚಿ ಹೋಗುತ್ತದೆ ಎಂದಾದರೆ ಅಲ್ಲಿ ಚರ್ಚೆ ಯಾತಕ್ಕೆ? ಕೊಚ್ಚಿಯ ಹೈಕೋರ್ಟ್ 2023ರ ಮಾರ್ಚ್‌ನಲ್ಲಿ ಆ ಆದೇಶವನ್ನು ರದ್ದುಪಡಿಸಿತು.

ಕಾರಣವಿಲ್ಲದೆ, ಮನಬಂದಂತೆ ‘ಪ್ಲೆಷರ್’ ಹಿಂತೆಗೆಯುವ ಅಧಿಕಾರ ಚಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರ ಬಿ.ಪಿ. ಸಿಂಘಾಲ್ ತೀರ್ಪಿನಲ್ಲೇ ಹೇಳಿತ್ತು. 2004ರಲ್ಲಿ ಕೇಂದ್ರವು ನಾಲ್ವರು ರಾಜ್ಯಪಾಲರನ್ನು ವಜಾ ಮಾಡಿದ್ದರಿಂದ ಹುಟ್ಟಿದ ಪ್ರಕರಣ ಅದು. ರಾಜ್ಯಪಾಲರಿಗೆ ಸಿಕ್ಕ ಆ ರಕ್ಷಣೆ ಅವರು ನೇಮಿಸಿದವರಿಗೂ ಸಲ್ಲಬೇಕು.