ಹೆಸರಿಡುವವರು, ಹೆಸರು ಅಳಿಸುವವರು: ಫಂಕ್ಷನಲ್ ಪ್ರೋಗ್ರಾಮಿಂಗಿನ ಮೂಲ ಬರಹಗಳ ಓದು

ಫಂಕ್ಷನಲ್ ಪ್ರೋಗ್ರಾಮಿಂಗ್ ಕಲಿಯಬೇಕು ಎನ್ನುವವರಿಗೆ ಬಲ್ಲವರು ಕೊಡುವ ಓದಿನ ಪಟ್ಟಿ ಹೆಚ್ಚುಕಡಿಮೆ ಒಂದೇ. ಅಲೊಂಜೊ ಚರ್ಚ್ ಅವರ 1936ರ ಪ್ರಬಂಧ, ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಯ ಬಗ್ಗೆ 1960ರಲ್ಲಿ ಬರೆದದ್ದು, ಪೀಟರ್ ಲ್ಯಾಂಡಿನ್ ಅವರ ‘ದಿ ನೆಕ್ಸ್ಟ್ 700 ಪ್ರೋಗ್ರಾಮಿಂಗ್ ಲ್ಯಾಂಗ್ವೇಜಸ್’ (1966), ಜಾನ್ ಬ್ಯಾಕಸ್ ಅವರ ಟ್ಯೂರಿಂಗ್ ಪ್ರಶಸ್ತಿ ಭಾಷಣ (1978ರಲ್ಲಿ ಪ್ರಕಟ), ಜಾನ್ ಹ್ಯೂಸ್ ಅವರ ‘ವೈ ಫಂಕ್ಷನಲ್ ಪ್ರೋಗ್ರಾಮಿಂಗ್ ಮ್ಯಾಟರ್ಸ್’ (1989). ಇವನ್ನು ಒಂದು ವಂಶಾವಳಿಯಂತೆ ಓದುವುದು ರೂಢಿ. ಅಜ್ಜ ಬೀಜ ಬಿತ್ತಿದ, ಮಗ ನೀರೆರೆದ, ಮೊಮ್ಮಕ್ಕಳು ಹಣ್ಣು ತಿಂದರು ಎಂಬ ಹಾಗೆ. ನನ್ನ ತಕರಾರು ಇಲ್ಲಿಂದಲೇ ಶುರು. ಈ ಮನೆತನದೊಳಗೆ ಒಂದು ಜಗಳವಿದೆ. ಅದು ಹೆಸರಿನ ಬಗೆಗಿನ ಜಗಳ.

ನಾನು ಕಂಪ್ಯೂಟರ್ ವಿಜ್ಞಾನದವಳಲ್ಲ, ಭಾಷಾವಿಜ್ಞಾನದ ಸಂಶೋಧನಾ ವಿದ್ಯಾರ್ಥಿನಿ. ವಾಕ್ಯಗಳ ಅರ್ಥವನ್ನು ತರ್ಕದ ಭಾಷೆಯಲ್ಲಿ ಬರೆಯುವ ದಾರಿಯನ್ನು ರಿಚರ್ಡ್ ಮಾಂಟೆಗ್ಯೂ 1970ರ ಆಸುಪಾಸಿನಲ್ಲಿ ತೋರಿಸಿದ ಮೇಲೆ ನಮ್ಮ ವಿಷಯದವರಿಗೂ ಲ್ಯಾಂಬ್ಡಾ ಕ್ಯಾಲ್ಕುಲಸ್ ತಪ್ಪಿದ್ದಲ್ಲ. ಕನ್ನಡದ ‘ತಾನು’ ಪದದ ಮೇಲೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ನನಗೆ ಈ ಬರಹಗಳು ಎದುರಾದದ್ದು ಹಾಗೆ. ಆದ್ದರಿಂದ ವಿಷಯವನ್ನು ‘ತಾನು’ವಿನಿಂದಲೇ ಆರಂಭಿಸುತ್ತೇನೆ.

‘ಪ್ರತಿಯೊಬ್ಬ ತಾಯಿಗೂ ತನ್ನ ಮಗುವೇ ಚೆಂದ’ ಎನ್ನುತ್ತೇವೆ. ಇಲ್ಲಿ ‘ತನ್ನ’ ಎಂದರೆ ಯಾರು? ಯಾರೂ ಅಲ್ಲ, ಎಲ್ಲರೂ ಹೌದು. ಆ ಪದಕ್ಕೆ ವಾಕ್ಯದ ಹೊರಗೆ ಬದುಕಿಲ್ಲ. ಅದೇ ‘ಪ್ರತಿಯೊಬ್ಬ ತಾಯಿಗೂ ಆಕೆಯ ಮಗುವೇ ಚೆಂದ’ ಎಂದರೆ, ಯಾವ ಆಕೆ ಎಂದು ಕಿವಿ ಕೇಳುತ್ತದೆ. ಮೊದಲನೆಯದು ಕಟ್ಟಿಗೆ ಒಳಗಾದ ಹೆಸರು, ಎರಡನೆಯದು ಬಿಡಿ ಹೆಸರು. ಲ್ಯಾಂಬ್ಡಾ ಕ್ಯಾಲ್ಕುಲಸ್‌ನಲ್ಲಿ ಇರುವುದೆಲ್ಲ ಇಷ್ಟೇ: ಹೆಸರುಗಳು, ಒಂದು ಹೆಸರನ್ನು ಕಟ್ಟಿಹಾಕಿ ಫಂಕ್ಷನ್ ಮಾಡುವುದು, ಆ ಫಂಕ್ಷನ್‌ಗೆ ಏನನ್ನಾದರೂ ಉಣಿಸುವುದು. ಉಣಿಸಿದಾಗ ಕಟ್ಟಿದ ಹೆಸರಿದ್ದ ಕಡೆಯಲ್ಲೆಲ್ಲ ಉಣಿಸಿದ್ದನ್ನು ಇಡಬೇಕು. ಅಂಕಿಗಳು, ಕೂಡುವುದು, ಗುಣಿಸುವುದು ಎಲ್ಲವನ್ನೂ ಇಷ್ಟರಿಂದಲೇ ಕಟ್ಟಬಹುದು.

ಆದರೆ ಇಡುವ ಕೆಲಸ ಕಾಣುವಷ್ಟು ಸುಲಭವಲ್ಲ. ‘ಲಲಿತ ತನ್ನ ಮಗುವನ್ನು ಕರೆತಂದಳು. ಪ್ರತಿಯೊಬ್ಬ ತಾಯಿಯೂ ಆ ಮಗುವನ್ನು ಹೊಗಳಿದಳು.’ ಎರಡೂ ಕಡೆ ಮಗು ಒಂದೇ ತಾನೇ ಎಂದು ಮೊದಲ ವಾಕ್ಯದ ‘ತನ್ನ ಮಗುವನ್ನು’ ಎಂಬುದನ್ನು ಎತ್ತಿ ಎರಡನೆಯದರಲ್ಲಿ ಇಟ್ಟು ನೋಡಿ. ಲಲಿತಳ ಮಗು ಮಾಯವಾಗಿ ಪ್ರತಿ ತಾಯಿಯೂ ತನ್ನದನ್ನೇ ಹೊಗಳಿಕೊಳ್ಳತೊಡಗುತ್ತಾಳೆ. ಹೊಸ ಜಾಗದ ಕಟ್ಟು ಹಳೆಯ ಹೆಸರನ್ನು ನುಂಗಿಹಾಕಿತು. ಚರ್ಚ್ ಅವರ ನಿಯಮಗಳಲ್ಲಿ ಎಚ್ಚರದ ದೊಡ್ಡ ಪಾಲು ಇದನ್ನು ತಡೆಯುವುದಕ್ಕೆ ಮೀಸಲು.

ಚರ್ಚ್ ಹೊರಟದ್ದು ಲೆಕ್ಕ ಮಾಡುವ ಯಂತ್ರಕ್ಕಾಗಿ ಅಲ್ಲ. 1932ರಲ್ಲಿ ಅವರು ಇಡೀ ತರ್ಕಶಾಸ್ತ್ರಕ್ಕೆ ಹೊಸ ತಳಪಾಯ ಹಾಕಲು ನೋಡಿದರು. 1935ರಲ್ಲಿ ಅವರ ವಿದ್ಯಾರ್ಥಿಗಳೇ ಆದ ಕ್ಲೀನಿ ಮತ್ತು ರಾಸರ್ ಅದರೊಳಗೆ ವಿರೋಧಾಭಾಸವಿದೆ ಎಂದು ಸಾಧಿಸಿದರು. ಕುಸಿದ ಮನೆಯಿಂದ ಗಟ್ಟಿಯಾಗಿ ಉಳಿದ ತೊಲೆಯೊಂದನ್ನು ಎತ್ತಿಕೊಂಡಂತೆ ಚರ್ಚ್ ಫಂಕ್ಷನ್‌ಗಳ ಭಾಗವನ್ನು ಮಾತ್ರ ಉಳಿಸಿಕೊಂಡರು. 1936ರ ಪ್ರಬಂಧ ಆ ತೊಲೆಯಿಂದ ಮಾಡಿದ್ದು. ಅದು ಹೇಳುವುದಾದರೂ ಒಂದು ಮಿತಿಯನ್ನು: ಎರಡು ಲ್ಯಾಂಬ್ಡಾ ಪದಗಳನ್ನು ಕೊಟ್ಟರೆ ಒಂದನ್ನು ಇನ್ನೊಂದಾಗಿ ಮಾರ್ಪಡಿಸಬಹುದೇ ಎಂದು ಎಲ್ಲ ಸಂದರ್ಭಗಳಲ್ಲೂ ತೀರ್ಮಾನಿಸುವ ವಿಧಾನ ಇಲ್ಲ. ನಮ್ಮ ಪಟ್ಟಿಯ ಮೊದಲ ಬರಹ ಸೋಲಿನಿಂದ ಹುಟ್ಟಿ ಅಸಾಧ್ಯತೆಯಲ್ಲಿ ಮುಗಿಯುತ್ತದೆ. ಮುಂದಿನವರ ಗೆಲುವಿನ ದನಿ ಇಲ್ಲಿ ಇಲ್ಲ.

ಮೆಕಾರ್ಥಿ ಲಿಸ್ಪ್‌ಗಾಗಿ ಲ್ಯಾಂಬ್ಡಾ ಚಿಹ್ನೆಯನ್ನು ಚರ್ಚ್ ಅವರಿಂದ ಎರವಲು ತಂದರು. ಚರ್ಚ್ ಅವರ ಪುಸ್ತಕದ ಉಳಿದ ಭಾಗ ತಮಗೆ ಅರ್ಥವಾಗಿರಲಿಲ್ಲ ಎಂದು ಮುಂದೆ ಅವರೇ ಒಪ್ಪಿಕೊಂಡಿದ್ದಾರೆ. ಈ ಪ್ರಾಮಾಣಿಕತೆ ನನಗೆ ಇಷ್ಟ. ಅದರ ಬೆಲೆಯನ್ನೂ ನೋಡಬೇಕು. ಮೊದಲ ಲಿಸ್ಪ್‌ನಲ್ಲಿ ಬಿಡಿ ಹೆಸರಿಗೆ ಅರ್ಥ ಸಿಗುತ್ತಿದ್ದದ್ದು ಫಂಕ್ಷನ್ ಬರೆದ ಜಾಗದಿಂದಲ್ಲ, ಅದು ಓಡುತ್ತಿರುವ ಜಾಗದಿಂದ. ಲಲಿತಳ ಮಗು ಕಳೆದುಹೋದದ್ದು ಹೀಗೆಯೇ. ಬಳಸುವವರು ದೂರಿದಾಗ ಮೆಕಾರ್ಥಿ ಅದನ್ನು ಸಣ್ಣ ದೋಷವೆಂದುಕೊಂಡು ಸ್ಟೀವ್ ರಸೆಲ್ ಸರಿಮಾಡುತ್ತಾರೆ ಎಂದು ಬಿಟ್ಟರು. ಅದು ಹೆಸರು ಎಂದರೇನು ಎಂಬ ಮೂಲಪ್ರಶ್ನೆಯಾಗಿತ್ತು. ಲಿಸ್ಪ್ ಮನೆತನದಲ್ಲಿ ಅದನ್ನು ನೇರ್ಪಾಗಿ ಬಿಡಿಸಿದ್ದು 1975ರಲ್ಲಿ ಸಸ್ಮನ್ ಮತ್ತು ಸ್ಟೀಲ್ ರೂಪಿಸಿದ ಸ್ಕೀಮ್.

ಲ್ಯಾಂಡಿನ್ ಅವರಿಗೆ ಆ ಪ್ರಶ್ನೆ ಅದಕ್ಕೂ ಮೊದಲೇ ಕಂಡಿತ್ತು. ಫಂಕ್ಷನ್ ತನ್ನ ಜೊತೆ ತಾನು ಹುಟ್ಟಿದ ಪರಿಸರವನ್ನೂ ಕಟ್ಟಿಕೊಂಡು ಹೋಗಬೇಕು ಎಂದು ಅವರು 1964ರಲ್ಲೇ ಹೇಳಿ, ಆ ಗಂಟಿಗೆ ‘ಕ್ಲೋಷರ್’ ಎಂದು ಹೆಸರಿಟ್ಟರು. ಈ ಪಟ್ಟಿಯಲ್ಲಿ ಸಾಹಿತ್ಯದ ಓದುಗರಿಗೆ ಒಂದನ್ನೇ ಕೊಡು ಎಂದರೆ ನಾನು 1966ರ ಪ್ರಬಂಧವನ್ನು ಕೊಡುತ್ತೇನೆ. ಭಾಷೆಗಳು ನೂರಾರು ಹುಟ್ಟುತ್ತವೆ, ಹುಟ್ಟಲಿ. ವಿಷಯಕ್ಕೆ ಸಂಬಂಧಿಸಿದ ಪದಸಂಪತ್ತು ಬೇರೆಬೇರೆ ಇರಲಿ, ಹೆಸರುಗಳನ್ನು ಕಟ್ಟುವ ವ್ಯಾಕರಣ ಒಂದೇ ಸಾಕು ಎಂಬುದು ಅದರ ವಾದ. ಅಲ್ಲಿ ‘ವೇರ್’ ಎಂಬ ಪುಟ್ಟ ಪದವಿದೆ. ಮೊದಲು ಮುಖ್ಯ ಮಾತು ಹೇಳು, ಅದರಲ್ಲಿ ಬಂದ ಹೆಸರುಗಳು ಏನೆಂದು ಆಮೇಲೆ ವಿವರಿಸು. ಸಾಲಿನ ಅಂಚು ಬಿಡುವುದರಿಂದಲೇ ರಚನೆ ಗೊತ್ತಾಗಲಿ ಎಂಬ ಸೂಚನೆಯೂ ಇದೆ, ಅದಕ್ಕೆ ಫುಟ್‌ಬಾಲ್‌ನಿಂದ ತಂದ ‘ಆಫ್‌ಸೈಡ್’ ಎಂಬ ಹೆಸರು. ಪ್ರಬಂಧದ ಕೊನೆಗೆ ಅಚ್ಚಾಗಿರುವ ಚರ್ಚೆಯಲ್ಲಿ ಪೀಟರ್ ನಾರ್ ಇದು ಮುದ್ರಣದಲ್ಲಿ ತೊಂದರೆ ಕೊಟ್ಟೀತು ಎಂದು ಅನುಮಾನಿಸುತ್ತಾರೆ. ಕಾಗದದ ಮೇಲೆ ಓದುವ ಮನುಷ್ಯರು ಇವರ ಕಣ್ಣೆದುರು ಇದ್ದರು.

ಬ್ಯಾಕಸ್ ಭಾಷಣದಲ್ಲಿ ಗಾಳಿ ತಿರುಗುತ್ತದೆ. ಐಬಿಎಂನಲ್ಲಿ ಫೋರ್ಟ್ರಾನ್ ಕಟ್ಟಿದ ತಂಡದ ಮುಂದಾಳು ಅವರು. ಸನ್ಮಾನದ ವೇದಿಕೆ ಹತ್ತಿ, ತಾವು ಹಾಕಿಕೊಟ್ಟ ದಾರಿಯೇ ತಪ್ಪು ಎಂದು ಹೇಳಲು ಎದೆ ಬೇಕು. ಯಂತ್ರದ ನೆನಪಿಗೂ ಲೆಕ್ಕದ ಭಾಗಕ್ಕೂ ನಡುವೆ ಒಂದೊಂದೇ ಪದ ನುಸುಳುವ ಇಕ್ಕಟ್ಟಿನ ಕೊಳವೆಯಿದೆ, ನಮ್ಮ ಯೋಚನೆಯೂ ಆ ಕೊಳವೆಯಷ್ಟೇ ಸಣ್ಣದಾಗಿದೆ ಎಂಬ ಅವರ ರೋಗನಿದಾನ ಇಂದಿಗೂ ಚುಚ್ಚುತ್ತದೆ. ಆದರೆ ಕೊಟ್ಟ ಮದ್ದು? ಎರಡು ಪಟ್ಟಿಗಳ ಅಂಕಿಗಳನ್ನು ಜೋಡಿಯಾಗಿ ಗುಣಿಸಿ ಒಟ್ಟು ಕೂಡಿಸುವ ಉದಾಹರಣೆಯನ್ನು ಅವರು ಎರಡು ರೀತಿಯಲ್ಲಿ ಬರೆದು ತೋರಿಸುತ್ತಾರೆ. ಹಳೆಯ ರೀತಿಯ ಮೇಲಿನ ದೂರುಗಳಲ್ಲಿ ಒಂದು, ಅದು ತನ್ನ ಪಟ್ಟಿಗಳಿಗೆ ಹೆಸರಿಡುತ್ತದೆ ಎಂಬುದು! ಹೊಸ ರೀತಿಯಲ್ಲಿ ಹೆಸರೇ ಇಲ್ಲ. ಜೋಡಿಸು, ಎಲ್ಲಕ್ಕೂ ಗುಣಾಕಾರ ಅನ್ವಯಿಸು, ಕೂಡಿಸು ಎಂಬ ಮೂರು ಕ್ರಿಯೆಗಳನ್ನು ಒಂದಕ್ಕೊಂದು ಹೊಸೆದರೆ ಮುಗಿಯಿತು. ಲ್ಯಾಂಬ್ಡಾದ ಮಿತಿಯಿಲ್ಲದ ಸ್ವಾತಂತ್ರ್ಯ ಗೊಂದಲಕ್ಕೆ ದಾರಿ ಎಂದು ಹೇಳಿ ಬ್ಯಾಕಸ್ ಅದನ್ನೂ ಬದಿಗಿಡುತ್ತಾರೆ. ಅವರನ್ನು ಚರ್ಚ್ ವಂಶದ ಕುಡಿ ಎನ್ನುವವರು ಈ ಪುಟಗಳನ್ನು ಹಾರಿಸಿ ಓದಿರಬೇಕು.

ಈ ಬರಹವನ್ನು ಹೊಗಳುವವರ ನಡುವೆ ನನಗೆ ಮುಜುಗರ ಆಗುವುದು ಇಲ್ಲಿಯೇ. ಮೂರು ಕ್ರಿಯೆಗಳ ಹೊಸೆತ ನಿಜಕ್ಕೂ ಸುಂದರ. ಹತ್ತು ಕ್ರಿಯೆಗಳದ್ದು ಒಗಟು. ಹೆಸರಿಲ್ಲದ ವಾಕ್ಯದಲ್ಲಿ ಓದುಗ ನಿಲ್ಲಲು ತಾವಿಲ್ಲ. ಬೀಜಗಣಿತದ ನಿಯಮಗಳಿಂದ ಪ್ರೋಗ್ರಾಮನ್ನು ಮಾರ್ಪಡಿಸುವವರಿಗೆ ಹೆಸರು ಅಡ್ಡಿ ಎಂಬುದು ನಿಜ. ಆದರೆ ಪ್ರೋಗ್ರಾಮನ್ನು ಓದಿ ‘ಇದು ಏನು ಹೇಳುತ್ತಿದೆ?’ ಎಂದು ಕೇಳುವವರಿಗೆ ಹೆಸರೇ ಹಿಡಿಕೆ. ‘ತನ್ನ’ ಎಂಬ ಪದ ತೆಗೆದು ತಾಯಿ-ಮಗುವಿನ ಮಾತನ್ನು ಹೇಳಿ ನೋಡಿ, ಎಷ್ಟು ತಿಣುಕಬೇಕಾಗುತ್ತದೆ ಎಂಬುದು ತಿಳಿಯುತ್ತದೆ.

ಹ್ಯೂಸ್ ಈ ಜಗಳವನ್ನು ಸದ್ದಿಲ್ಲದೆ ಲ್ಯಾಂಡಿನ್ ಪರವಾಗಿ ಬಿಡಿಸುತ್ತಾರೆ. ಇದನ್ನು ಮಾಡುವುದಿಲ್ಲ, ಅದನ್ನು ಮುಟ್ಟುವುದಿಲ್ಲ ಎಂಬ ವ್ರತಗಳ ಪಟ್ಟಿಯಿಂದ ಯಾರನ್ನೂ ಒಲಿಸಲಾಗದು ಎಂದು ಆರಂಭದಲ್ಲೇ ಅಣಕಿಸುತ್ತಾರೆ. ಆಮೇಲೆ ಬಡಗಿಯ ಉದಾಹರಣೆ: ಭಾಗಗಳನ್ನು ಅಂಟಿಸುವ ಅಂಟು ಇಲ್ಲದಿದ್ದರೆ ಕುರ್ಚಿಯನ್ನು ಒಂದೇ ದಿಮ್ಮಿಯಲ್ಲಿ ಕೆತ್ತಬೇಕಾದೀತು. ಫಂಕ್ಷನ್‌ಗಳನ್ನೇ ಉಣ್ಣುವ ಫಂಕ್ಷನ್‌ಗಳು, ಬೇಕಾದಾಗ ಮಾತ್ರ ಲೆಕ್ಕ ಮಾಡುವ ಸೋಮಾರಿತನ, ಇವೆರಡು ಅವರ ಅಂಟು. ವರ್ಗಮೂಲದಿಂದ ಆಟದ ಮರದವರೆಗೆ ಅವರ ಉದಾಹರಣೆಗಳಲ್ಲೆಲ್ಲ ಹೆಸರುಗಳಿವೆ. ಅದಕ್ಕೇ ಅವು ಓದಿಸಿಕೊಳ್ಳುತ್ತವೆ.

ಹಾಗೆಂದು ಲ್ಯಾಂಡಿನ್ ಮತ್ತು ಹ್ಯೂಸ್ ಎಲ್ಲವನ್ನೂ ಬಗೆಹರಿಸಿದರು ಎನ್ನಲಾರೆ. ಹೆಸರಿಗೆ ಇನ್ನೊಂದು ಶತ್ರುವಿದೆ, ಕಾಲ. ಏಬಲ್‌ಸನ್ ಮತ್ತು ಸಸ್ಮನ್ ಅವರ 1985ರ ಪಠ್ಯಪುಸ್ತಕ ಇದನ್ನು ಬ್ಯಾಂಕ್ ಖಾತೆಯಿಂದ ತೋರಿಸುತ್ತದೆ. ಖಾತೆಯಲ್ಲಿ 100 ಇದೆ. 25 ತೆಗೆ ಎಂದರೆ 75 ಎನ್ನುತ್ತದೆ. ಅದೇ ಮಾತನ್ನು ಇನ್ನೊಮ್ಮೆ ಹೇಳಿದರೆ 50. ಒಂದೇ ಮಾತಿಗೆ ಎರಡು ಉತ್ತರ ಬಂದ ಮೇಲೆ ಹೆಸರು ಬೆಲೆಯ ಗುರುತಾಗಿ ಉಳಿಯುವುದಿಲ್ಲ, ಬೆಲೆ ಬಂದುಹೋಗುವ ಜಾಗದ ಗುರುತಾಗುತ್ತದೆ. ಮೊದಲು ಬದಲಾವಣೆಯೇ ಇಲ್ಲದ ಲೋಕವನ್ನು ಕಟ್ಟಿ, ಮೂರನೆಯ ಅಧ್ಯಾಯದಲ್ಲಿ ಅದನ್ನು ಕಳೆದುಕೊಳ್ಳುವುದರ ನಷ್ಟವನ್ನು ಆ ಪುಸ್ತಕ ಲೆಕ್ಕವಿಟ್ಟು ಹೇಳುತ್ತದೆ. ಯುಜೆನಿಯೊ ಮೊಗ್ಗಿ 1989ರಲ್ಲಿ ತೋರಿಸಿದ ಮೊನಾಡ್ ಎಂಬ ಉಪಾಯವನ್ನು ಫಿಲಿಪ್ ವಾಡ್ಲರ್ 1992ರಲ್ಲಿ ಪ್ರೋಗ್ರಾಮರ್‌ಗಳಿಗೆ ತಿಳಿಯುವಂತೆ ಬರೆದರು. ಅದು ಕಾಲವನ್ನು ಮನೆಯಿಂದ ಹೊರಗೆ ಹಾಕುವುದಿಲ್ಲ, ಯಾವ ಬಾಗಿಲಿನಿಂದ ಬರಬೇಕೆಂದು ಹೇಳುತ್ತದೆ.

ಹೀಗೆ ಓದಿದರೆ ಈ ಪಟ್ಟಿ ಶುದ್ಧತೆಯ ಕಡೆಗಿನ ಯಾತ್ರೆಯಾಗಿ ಕಾಣುವುದಿಲ್ಲ. ಒಂದು ಹೆಸರನ್ನು ನಂಬಬಹುದೇ, ಎಲ್ಲಿಯವರೆಗೆ, ಯಾವ ಕರಾರಿನ ಮೇಲೆ ಎಂಬ ವಾಗ್ವಾದವಾಗಿ ಕಾಣುತ್ತದೆ. ‘ಶುದ್ಧ’ ಎಂಬ ಪದ ನಮ್ಮ ಸಮಾಜದಲ್ಲಿ ಏನೇನು ಮಾಡಿದೆ ಎಂದು ಬಲ್ಲ ನಾವು ಅದನ್ನು ತಾಂತ್ರಿಕ ಬರಹದಲ್ಲೂ ಹೊಗಳಿಕೆಯಾಗಿ ನುಂಗುವ ಅಗತ್ಯವಿಲ್ಲ. ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಚರ್ಚ್ ಅವರಿಂದ ಆರಂಭಿಸಬೇಡಿ. ಹ್ಯೂಸ್ ಓದಿ, ಆಮೇಲೆ ಲ್ಯಾಂಡಿನ್. ಬ್ಯಾಕಸ್ ಓದುವಾಗ ಪೆನ್ಸಿಲ್ ಹಿಡಿದು, ಅಳಿಸಿಹೋದ ಹೆಸರುಗಳನ್ನು ಅಂಚಿನಲ್ಲಿ ನೀವೇ ಬರೆದುಕೊಳ್ಳುತ್ತಾ ಹೋಗಿ. ಅದಾದ ಮೇಲೆ ಚರ್ಚ್ ಹತ್ತಿರ ಬಂದರೆ, ಒಂದು ಹೆಸರನ್ನು ಅದರ ಜಾಗದಲ್ಲಿ ಕಾಪಾಡಲು ಅವರು ಪಟ್ಟ ಪಾಡು ತಾನಾಗಿ ಕಾಣುತ್ತದೆ.