ಓಟ ಒಂದೇ, ಪಾದ ಬೇರೆ

ಡಾರ್ಸಿ ಥಾಂಪ್ಸನ್ನರ ‘ಆನ್ ಗ್ರೋತ್ ಅಂಡ್ ಫಾರ್ಮ್’ (1917) ಜೀವಿಗಳ ಆಕಾರವನ್ನು ಬಲಗಳಿಂದ ವಿವರಿಸಿದ ಮಹತ್ವದ ಗ್ರಂಥ. ಆದರೆ ಅದು ವಂಶದ ಪಾತ್ರಕ್ಕೆ ತಕ್ಕ ಸ್ಥಾನ ಕೊಡುವುದಿಲ್ಲ.

ಮುಧೋಳ ನಾಯಿಯನ್ನೂ ಬೀಳಗಿ–ಮುಧೋಳ ಸೀಮೆಯ ಯಡಹಳ್ಳಿ ಅಭಯಾರಣ್ಯದ ಚಿಂಕಾರವನ್ನೂ ಹೋಲಿಸಿ ನೋಡಿ. ಎರಡೂ ವೇಗವಾಗಿ ಓಡುತ್ತವೆ. ಎರಡರ ಕಾಲೂ ನೀಳ, ತುದಿ ಹಗುರ. ತುದಿ ಹಗುರವಾದಷ್ಟೂ ಕಾಲು ಬೀಸಲು ಶಕ್ತಿ ಕಡಿಮೆ ಸಾಕು. ಇಷ್ಟನ್ನು ಬಲವಿಜ್ಞಾನ ಚೆನ್ನಾಗಿ ತಿಳಿಸುತ್ತದೆ.

ಪಾದದ ಮೂಳೆಗಳನ್ನು ಗಮನಿಸಿ. ಚಿಂಕಾರದಲ್ಲಿ ಬೆರಳುಗಳಿಗಿಂತ ಮೇಲಿನ ಎರಡು ಉದ್ದ ಮೂಳೆಗಳು ಬೆಸೆದು ಒಂದಾಗಿವೆ. ಅದು ಎರಡು ಗೊರಸುಗಳ ಮೇಲೆ ಓಡುತ್ತದೆ. ನಾಯಿಯಲ್ಲಿ ಅವು ಬಿಡಿಬಿಡಿ. ಓಟ ನಾಲ್ಕು ಬೆರಳುಗಳ ಮೇಲೆ. ಈ ವ್ಯತ್ಯಾಸ ಬಲದ ಲೆಕ್ಕದಲ್ಲಿ ಸಿಗದು. ಪೂರ್ವಜರಿಂದ ಬಂದ ಪಾದವನ್ನೇ ಓಟ ತಿದ್ದಿದೆ.

ಆದ್ದರಿಂದ ಅಧ್ಯಾಪಕರೇ, ಮೂಳೆ ತೋರಿಸುವಾಗ ‘ಇದರ ಕೆಲಸವೇನು?’ ಎಂಬುದರ ಜೊತೆಗೆ ‘ಇದು ಯಾರ ವಂಶದ್ದು?’ ಎಂದೂ ಕೇಳಿ.