ನರಕೋಶ, ಭ್ರೂಣ ಮತ್ತು ರೋಗಿಯ ಪ್ರಶ್ನೆ: ‘ಡಿಗ್ನಿತಾಸ್ ಪೆರ್ಸೋನೇ’ ಕುರಿತು ಒಂದು ವಿಮರ್ಶೆ

“ಅಯ್ಯನವರೇ, ಭ್ರೂಣದ ಕೋಶಗಳಿಂದ ಬೆಳೆಸಿದ ನರಕೋಶಗಳನ್ನು ನನ್ನ ಮಿದುಳಿಗೆ ಹಾಕಿಸಿಕೊಂಡರೆ ಪಾಪವೇ?” ಪಾರ್ಕಿನ್ಸನ್ ರೋಗದಿಂದ ಬಳಲುವ ವಿಶ್ವಾಸಿಯೊಬ್ಬರು ಹೀಗೆ ಕೇಳುವ ದಿನ ದೂರವಿಲ್ಲ. ಮಾನವ ಭ್ರೂಣದ ಆಕರಕೋಶಗಳಿಂದ ಪಡೆದ ನರಕೋಶಗಳ ಪೂರ್ವರೂಪಗಳನ್ನು 12 ರೋಗಿಗಳ ಮಿದುಳಿಗೆ ಸೇರಿಸಿದ ಪ್ರಯೋಗದ ವರದಿ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದು ಮುಖ್ಯವಾಗಿ ಸುರಕ್ಷತೆಯ ಪರೀಕ್ಷೆಯಾಗಿತ್ತು. ಆದರೆ ಪ್ರಶ್ನೆ ಪ್ರಯೋಗಾಲಯವನ್ನು ದಾಟಿ ರೋಗಿಯ ಹಾಸಿಗೆಯ ಬಳಿಗೆ ಬಂದಿದೆ. ಕಥೋಲಿಕ ಧರ್ಮಸಭೆಯ ವಿಶ್ವಾಸ ಸಿದ್ಧಾಂತ ಪರಿಷತ್ತು 2008ರಲ್ಲಿ ಹೊರಡಿಸಿದ ‘ಡಿಗ್ನಿತಾಸ್ ಪೆರ್ಸೋನೇ’ ಎಂಬ ಬೋಧಪತ್ರವನ್ನು ಈ ಪ್ರಶ್ನೆಯ ಎದುರಿಗಿಟ್ಟು ಪರಿಶೀಲಿಸುವುದು ಇಲ್ಲಿಯ ಉದ್ದೇಶ.

ಮೊದಲು ವಿಷಯವನ್ನು ಸರಿಯಾಗಿ ತಿಳಿಯಬೇಕು. ಗರ್ಭಧಾರಣೆಯಾದ ಸುಮಾರು ಐದನೆಯ ದಿನದ ಭ್ರೂಣದ ಒಳಗುಚ್ಛದಿಂದ ಆಕರಕೋಶಗಳನ್ನು ಪ್ರತ್ಯೇಕಿಸುತ್ತಾರೆ. 1998ರಲ್ಲಿ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮತ್ತು ಸಂಗಡಿಗರು, ಪ್ರನಾಳ ಶಿಶು ಚಿಕಿತ್ಸೆಗಾಗಿ ಸೃಷ್ಟಿಸಿ ಬಳಿಕ ದಾನ ಮಾಡಲಾದ ಭ್ರೂಣಗಳಿಂದ ಇವನ್ನು ಪಡೆದರು. ಆ ಕ್ರಿಯೆಯಲ್ಲಿ ಭ್ರೂಣ ಉಳಿಯಲಿಲ್ಲ. ಉಳಿದ ಕೋಶಗಳಾದರೋ ವರ್ಷಗಟ್ಟಲೆ ವೃದ್ಧಿಯಾಗಬಲ್ಲವು, ಆದರೆ ತಾವಾಗಿ ಶಿಶುವಾಗಲಾರವು. ಬೆಳೆಯುತ್ತಿರುವ ಭ್ರೂಣದಲ್ಲಿ ಕೆಲವು ಸಂಕೇತಗಳು ಹೊರಪದರಕ್ಕೆ ಚರ್ಮವಾಗಲು ಸೂಚಿಸುತ್ತವೆ. ನಾಗಿನ್‌ನಂಥ ಪ್ರೋಟೀನುಗಳು ಆ ಸಂಕೇತಗಳನ್ನು ತಡೆದ ಕಡೆ ಅದೇ ಪದರ ನರಮಂಡಲವಾಗುತ್ತದೆ. ಪ್ರಯೋಗಾಲಯವು ಇದನ್ನೇ ಅನುಕರಿಸುತ್ತದೆ. ಎರಡು ಸಂಕೇತಮಾರ್ಗಗಳನ್ನು ಒಟ್ಟಿಗೆ ತಡೆದಾಗ ಶೇಕಡ 80ಕ್ಕೂ ಹೆಚ್ಚು ಕೋಶಗಳು ನರಜಾತಿಗೆ ತಿರುಗುತ್ತವೆಂದು 2009ರಲ್ಲಿ ತೋರಿಸಲಾಯಿತು. ಹೀಗೆ ತಿರುಗಿದ ಕೋಶಗಳು ಹೂದಳಗಳಂತೆ ವೃತ್ತಾಕಾರವಾಗಿ ಸೇರಿ ನರನಾಳದ ಅಡ್ಡಕೊಯ್ತವನ್ನು ಹೋಲುತ್ತವೆ. ಹೋಲಿಕೆ ಮಾತ್ರ, ಅದು ಮಿದುಳಲ್ಲ, ವ್ಯಕ್ತಿಯೂ ಅಲ್ಲ. ಭ್ರೂಣ, ಆಕರಕೋಶ, ನರಕೋಶ ಎಂಬ ಮೂರನ್ನೂ ಒಂದಾಗಿಸಿ ಮಾಡುವ ಪ್ರಸಂಗವು ಸತ್ಯಕ್ಕೆ ನ್ಯಾಯ ಸಲ್ಲಿಸುವುದಿಲ್ಲ.

ಬೋಧಪತ್ರವು ಈ ಗೊಂದಲಕ್ಕೆ ಸಿಲುಕಿಲ್ಲ. ಜೀವಂತ ಭ್ರೂಣದಿಂದ ಕೋಶಗಳನ್ನು ಪಡೆಯುವುದನ್ನು ಅದು ಘೋರ ಅಕ್ರಮವೆನ್ನುತ್ತದೆ. ಬೇರೊಬ್ಬರು ಒದಗಿಸಿದ ಕೋಶಗಳನ್ನಾಗಲಿ ಅವುಗಳಿಂದ ರೂಪುಗೊಂಡ ಕೋಶಗಳನ್ನಾಗಲಿ ಬಳಸುವುದನ್ನು, ಕೇಡಿನಲ್ಲಿ ಸಹಕಾರದ ಪ್ರಶ್ನೆಯಾಗಿ ಬೇರೆಯಾಗಿಯೇ ತೂಗುತ್ತದೆ. ಶೈತ್ಯೀಕರಿಸಿಟ್ಟ ಭ್ರೂಣಗಳ ವಿಷಯದಲ್ಲಿ, ಇದು ಪರಿಹರಿಸಲಾಗದ ಅನ್ಯಾಯವೆಂದು ಒಪ್ಪಿಕೊಳ್ಳುವ ಅದರ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಆದರೆ ಅದರ ಎಚ್ಚರಿಕೆಯು ಮುಖ್ಯವಾಗಿ ಸಂಶೋಧಕನನ್ನು ಉದ್ದೇಶಿಸಿದೆ. ರೋಗಿಗೆ ದೊರೆಯುವುದು ಲಸಿಕೆಯ ಒಂದು ಉದಾಹರಣೆ: ಮಗುವಿನ ಆರೋಗ್ಯ ಅಪಾಯದಲ್ಲಿರುವಾಗ, ಅಕ್ರಮ ಮೂಲದ ಕೋಶಗಳಿಂದ ತಯಾರಾದ ಲಸಿಕೆಯನ್ನು ಹೆತ್ತವರು ಹಾಕಿಸಬಹುದು, ಅದರೊಂದಿಗೆ ಬೇರೆ ಬಗೆಯ ಲಸಿಕೆಗಾಗಿ ಒತ್ತಾಯಿಸಬೇಕು. ಕೋವಿಡ್ ಲಸಿಕೆಗಳ ಬಗೆಗೆ 2020ರ ಡಿಸೆಂಬರಿನಲ್ಲಿ ಪರಿಷತ್ತು ಇದೇ ದಾರಿ ಹಿಡಿಯಿತು. ಈ ತರ್ಕ ನಮ್ಮ ರೋಗಿಗೆ ಸುಲಭವಾಗಿ ಹೊಂದುವುದಿಲ್ಲ. ಲಸಿಕೆಯಲ್ಲಿ ಆ ಕೋಶಗಳು ತಯಾರಿಕೆಯ ಅಥವಾ ಪರೀಕ್ಷೆಯ ಸಾಧನ. ಇಲ್ಲಿಯಾದರೋ ಕೋಶಗಳೇ ಆತನ ದೇಹದ ಭಾಗವಾಗುತ್ತವೆ. ಅಲ್ಲದೆ, ಪರ್ಯಾಯ ಮಾರ್ಗವೂ ಕಾಣುತ್ತಿದೆ. ಯಾಮಾನಾಕಾ 2007ರಲ್ಲಿ ವಯಸ್ಕರ ಚರ್ಮದ ಕೋಶಗಳನ್ನೇ ಆಕರಕೋಶಗಳಂತೆ ಪರಿವರ್ತಿಸಿ ತೋರಿಸಿದರು. ಈ ವಿಧದ ಕೋಶಗಳಿಂದ ಜಪಾನಿನಲ್ಲಿ 7 ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ಪ್ರಯೋಗವೂ 2025ರಲ್ಲೇ ಪ್ರಕಟವಾಯಿತು. ಈ ಭೇದಗಳನ್ನು ಬೋಧಪತ್ರ ತೂಗಿಲ್ಲ. 2008ರಲ್ಲಿ ತೂಗುವುದು ಸುಲಭವೂ ಆಗಿರಲಿಲ್ಲ. ಆ ಹೊಣೆ ಈಗ ನಮ್ಮದು.

ಇನ್ನೊಂದು ಮಾತು. ಈ ಕೋಶಗಳ ಮೂಲ ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಮಿಕ್ಕ ಭ್ರೂಣಗಳು. ಬೋಧಪತ್ರ ಆ ಚಿಕಿತ್ಸೆಯನ್ನೂ ನೇರವಾಗಿ ಪ್ರಶ್ನಿಸುತ್ತದೆ. ನಾವಾದರೋ ಪ್ರಸಂಗಪೀಠದಿಂದ ವಿಜ್ಞಾನಿಯನ್ನು ಗದರಿಸುತ್ತೇವೆ. ಮಕ್ಕಳಿಲ್ಲದ ದಂಪತಿಗಳು ಚಿಕಿತ್ಸೆಗೆ ಹೊರಟಾಗ, ಮಿಕ್ಕ ಭ್ರೂಣಗಳ ಗತಿಯೇನೆಂದು ಅವರೊಡನೆ ಕುಳಿತು ಯೋಚಿಸುವುದಿಲ್ಲ. ಮೂಲದಲ್ಲಿ ಮೌನವಾಗಿದ್ದು ಕೊನೆಯಲ್ಲಿ ರೋಗಿಯ ಮೇಲೆ ಭಾರ ಹೊರಿಸುವುದು ಪಾಲಕನ ಲಕ್ಷಣವಲ್ಲ.

ಕೀರ್ತನೆ 139ನ್ನು ಈ ಚರ್ಚೆಯಲ್ಲಿ ಆಯುಧವಾಗಿ ಬಳಸುವವರಿದ್ದಾರೆ. ಅದು ದೇವರು ತನ್ನನ್ನು ಬಲ್ಲನೆಂದು ಬೆರಗುಗೊಂಡವನ ಪ್ರಾರ್ಥನೆ, ಭ್ರೂಣಶಾಸ್ತ್ರದ ಪಾಠವಲ್ಲ. ಹಾಗೆ ಬಲ್ಲವನ ದೃಷ್ಟಿಯಲ್ಲಿ ಐದು ದಿನದ ಭ್ರೂಣವೂ ಇದೆ, ನಡುಗುವ ಕೈಗಳ ಮುದುಕರೂ ಇದ್ದಾರೆ. ಪರ್ಯಾಯ ಮಾರ್ಗವನ್ನು ಹುಡುಕಲು ಆ ರೋಗಿಗೆ ನೆರವಾಗೋಣ, ಅದಕ್ಕಾಗಿ ಸಭೆಯ ಧ್ವನಿಯನ್ನು ಎತ್ತೋಣ. ಅದು ದೊರೆಯದೆ ಅವರು ಬೇರೆ ನಿರ್ಧಾರ ಮಾಡಿದರೆ, ಪವಿತ್ರ ಭೋಜನದ ಮೇಜಿನಿಂದ ಅವರನ್ನು ದೂರವಿಡುವ ಅಧಿಕಾರವನ್ನು ಈ ಬೋಧಪತ್ರವೂ ನಮಗೆ ಕೊಟ್ಟಿಲ್ಲ.